ಎಳ್ಳಮಾಸಿಯ ಕೂಸು

ಹಣಮಂತಮ್ಮನ ಮಡಿಲಲ್ಲಿದ್ದ ಕೂಸಿಗೆ ಕೈಯೂ ಇರಲಿಲ್ಲ, ಕಾಲೂ ಇರಲಿಲ್ಲ. ಇದ್ದದ್ದು ಎಳ್ಳು ಹಚ್ಚಿದ ಇಪ್ಪತ್ತು ಸಜ್ಜಿ ರೊಟ್ಟಿ, ಹದಿನೈದು ಕಡುಬು, ಒಂದು ದೊಡ್ಡ ಡಬ್ಬಿ ತುಂಬ ಕಾಳು-ಸೊಪ್ಪಿನ ಬಜ್ಜಿ ಪಲ್ಯ. ಎಲ್ಲವನ್ನೂ ಹಳೇ ಕೌದಿಯಲ್ಲಿ ಸುತ್ತಿ, ತುದಿಗೆ ಮೊಮ್ಮಗನ ಕಾಲದ ಕುಂಚಿಗೆ ಟೊಪ್ಪಿಗೆಯನ್ನು ಕಟ್ಟಿದ್ದಳು. ಯಾದಗಿರಿಯಿಂದ ಶಹಾಪುರದವರೆಗೆ ಬಸ್ಸಿನಲ್ಲಿ ಅದನ್ನು ತಟ್ಟಿ ತಟ್ಟಿ ಮಲಗಿಸುತ್ತ ಬಂದಳು. ಪಕ್ಕದ ಸೀಟಿನವಳು ಮುಖ ನೋಡಲು ಬಗ್ಗಿದಾಗ, “ದೃಷ್ಟಿ ಆಗ್ತದ ತಂಗಿ” ಎಂದು ಸೆರಗು ಮುಚ್ಚಿಬಿಟ್ಟಳು. ಸೊಸೆ ಪಂಚಶೀಲಾ ಇಡೀ ದಾರಿ ಕಿಟಕಿ ಬಿಟ್ಟು ಬೇರೆ ಏನನ್ನೂ ನೋಡಲಿಲ್ಲ.

ಇಷ್ಟೆಲ್ಲ ಯಾಕೆ ಅಂತೀರಾ? ಅವತ್ತು ಎಳ್ಳಮಾಸಿ. ಹೊಲ ಇದ್ದವರೆಲ್ಲ ಬುತ್ತಿ ಕಟ್ಟಿಕೊಂಡು ಹೊಲಕ್ಕೆ ಹೋಗಿ, ನಾಲ್ಕು ದಿಕ್ಕಿಗೂ ಅನ್ನದ ಚರಗ ಚೆಲ್ಲಿ, ದಾರಿಯಲ್ಲಿ ಹೋಗುವವರನ್ನೆಲ್ಲ ಕೂಗಿ ಕರೆದು ಉಣ್ಣಿಸುವ ಅಮಾವಾಸ್ಯೆ. ಹಣಮಂತಮ್ಮ ರಾಮಸಮುದ್ರದಲ್ಲಿ ನಲವತ್ತು ವರ್ಷ ಮಂದಿಯ ಹೊಲದಲ್ಲಿ ಕಳೆ ತೆಗೆದವಳು. ನಲವತ್ತು ಎಳ್ಳಮಾಸಿಗೂ ಮಂದಿ ಕರೆದರು, ಇವಳು ಹೋಗಿ ಉಂಡಳು. ಸುಳ್ಳು ಯಾಕೆ, ಹೊಟ್ಟೆ ತುಂಬ ಉಂಡಳು. ಆದರೆ ಬದುವಿನ ಮೇಲೆ ನಿಂತು ಕರೆಯುವವರ ಗತ್ತನ್ನು ನೋಡಿದಾಗಲೆಲ್ಲ ಅವಳಿಗೆ ಒಳಗೊಳಗೇ ಉರಿಯುತ್ತಿತ್ತು.

ಈಗ ಮಗ ಶ್ರೀಮಂತನಿಗೆ ಕಡೇಚೂರಿನ ಫ್ಯಾಕ್ಟರಿಯಲ್ಲಿ ಕೆಲಸ, ಸೊಸೆಗೆ ಕಚೇರಿಯಲ್ಲಿ ಕೆಲಸ, ಮನೆಯಲ್ಲಿ ಫ್ರಿಜ್ಜೂ ಇದೆ. ಹೊಲ ಮಾತ್ರ ಒಂದು ಗುಂಟೆಯೂ ಇಲ್ಲ. ಮೊಣಕಾಲು ಬೇರೆ ದಿನಕ್ಕೊಂದು ತಕರಾರು ತೆಗೆಯುತ್ತಿದ್ದವು.

“ಸಾಯೋದ್ರಾಗ ಒಂದ್ ಸಲ ನಾ ಕರೀಬೇಕು ನೋಡು,” ಎಂದು ಹಟ ಹಿಡಿದಳು. “ನಾ ಕರದಾಗ ಒಬ್ಬರರೆ ಬಂದು ಉಣ್ಣಬೇಕು.”

“ಯಾರ ಹೊಲದಾಗ ನಿಂತು ಕರೀತೀರಿ ಅತ್ತಿ?”

“ಶಾಪುರದ ಗುಡ್ಡದ ಬುಡಕ್ಕ ಪಾರ್ಕ್ ಮಾಡ್ಯಾರಲ್ಲ, ಮುನ್ನೂರು ಎಕರೆದ್ದು. ಸರ್ಕಾರದ್ದಂದ್ರ ಯಾರದು? ಓಟು ಹಾಕಿದವರದು. ನಾ ಒಂದು ಓಟೂ ತಪ್ಪಿಸಿಲ್ಲ.”

ಹೊರಗಿನ ಊಟ, ತಿಂಡಿ ಒಳಗೆ ಬಿಡುವುದಿಲ್ಲ, ಅಲ್ಲಿ ಮಂಗಗಳ ಕಾಟ ಎಂದು ಪಂಚಶೀಲಾ ಮೊಬೈಲಿನಲ್ಲಿ ಓದಿ ಹೇಳಿದಳು. ಹಾಗೆ ಓದಿ ಹೇಳಿದ್ದೇ ತಪ್ಪಾಯಿತು. ಮರುದಿನವೇ ಮನೆಯಲ್ಲಿ ಕೂಸು ಹುಟ್ಟಿತು.

ಗೇಟಿನಲ್ಲಿ ಖಾಕಿ ತೊಟ್ಟ ಕಾವಲುಗಾರ ಒಬ್ಬೊಬ್ಬರ ಚೀಲವನ್ನೂ ಬಿಚ್ಚಿಸಿ ನೋಡುತ್ತಿದ್ದ. ಎದೆಯ ಪಟ್ಟಿಯ ಮೇಲೆ ‘ಲಾಡ್ಲೇಸಾಬ’ ಎಂದು ಬರೆದಿತ್ತು. ವಯಸ್ಸು ಐವತ್ತರ ಮೇಲೆ, ಮೀಸೆ ಪೂರ್ತಿ ಬೆಳ್ಳಗೆ. ಪಂಚಶೀಲಾಳ ಚೀಲದಲ್ಲಿ ನೀರಿನ ಬಾಟಲಿ ಬಿಟ್ಟರೆ ಏನೂ ಸಿಗಲಿಲ್ಲ. ಅವನು ಕೌದಿಯ ಕಡೆ ತಿರುಗಿ ಮೂಗರಳಿಸಿದ.

“ಯವ್ವಾ, ಕೂಸಿಂದು ಬೆಳ್ಳುಳ್ಳಿ ವಾಸನಿ ಬರಾಕತ್ತದಲ್ಲ?”

“ಬಾಣಂತಿ ಮನಿ ಕೂಸು, ಬೆಳ್ಳುಳ್ಳಿ ನಾರದ ಅತ್ತರ ನಾರತದೇನು?” ಎಂದಳು ಹಣಮಂತಮ್ಮ, ಕಣ್ಣು ಸಹ ಮಿಟುಕಿಸದೆ.

“ಬಾಣಂತಿ ಎಲ್ಲದಾಳ್ರಿ?”

“ಇಲ್ಲೇ ನಿಂತಾಳಲ್ಲ, ಕಾಣಂಗಿಲ್ಲೇನು?”

ನಲವತ್ತಾರು ವರ್ಷದ, ಕನ್ನಡಕ ಹಾಕಿದ, ಬೈತಲೆಯ ಎರಡೂ ಕಡೆ ನರೆತ ಪಂಚಶೀಲಾ ಭೂಮಿ ಬಾಯಿ ಬಿಟ್ಟರೆ ಸಾಕು ಎಂಬಂತೆ ನಿಂತಳು. ಲಾಡ್ಲೇಸಾಬ ಅವಳನ್ನು ಮೇಲಿನಿಂದ ಕೆಳಗೆ ನೋಡಿ, ಏನೋ ಕೇಳಲು ಹೋಗಿ, ನುಂಗಿಕೊಂಡ. “ದೇವ್ರು ತಡಮಾಡಿ ಕೊಟ್ರೂ ಚೊಲೋದೇ ಕೊಡ್ತಾನ್ರಿ ಯಕ್ಕಾ. ಮಂಗ್ಯಾ ಭಾಳ ಅದಾವ, ಕೂಸು ಹುಷಾರು,” ಎಂದು ದಾರಿ ಬಿಟ್ಟ.

“ನಾಳಿಂದ ಕಚೇರಿಗೆ ಹ್ಯಾಂಗ ಮುಖ ತೋರಿಸ್ಲಿ?” ಎಂದು ಸೊಸೆ ಹಲ್ಲು ಕಡಿದಳು.

“ರಜಾ ಹಾಕು, ಬಾಣಂತಿಗೆ ಆರು ತಿಂಗಳು ಕೊಡ್ತಾರಂತ,” ಎಂದಳು ಅತ್ತೆ.

ಕೆರೆಯಲ್ಲಿ ದೋಣಿ, ದಾರಿಯಲ್ಲಿ ಬಾಡಿಗೆ ಸೈಕಲ್ಲು, ಕಲ್ಲುಗಳ ಮೇಲೆ ಫೋಟೊ ತೆಗೆದುಕೊಳ್ಳುವ ಜೋಡಿಗಳು. ಹಣಮಂತಮ್ಮ ಯಾವುದಕ್ಕೂ ನಿಲ್ಲಲಿಲ್ಲ. ಗಿಡಗಳಿಗೆ ನೀರಿಲ್ಲ, ಕಳೆ ತೆಗೆದಿಲ್ಲ, ಆಳುಗಳು ಮೈಗಳ್ಳರು ಎಂದು ಹೊಲದ ಯಜಮಾನಿಯಂತೆ ಬೈಯುತ್ತಲೇ ನಡೆದಳು. ಕಡೆಗೆ ಒಂದು ಬನ್ನಿ ಮರದ ಕೆಳಗೆ ಕೌದಿ ಇಳಿಸಿದಳು. ಬಜ್ಜಿಯ ಡಬ್ಬಿಯನ್ನು ಮಡಿಲಿಗೆ ಎಳೆದುಕೊಂಡು, ಒಂದು ರೊಟ್ಟಿ, ಒಂದು ಕಡುಬನ್ನು ಅದರಲ್ಲಿ ಕಲಸಿ, ನಾಲ್ಕು ದಿಕ್ಕಿಗೂ ಕೈತುಂಬ ಚರಗ ಚೆಲ್ಲಿದಳು.

ಹೊಲದಲ್ಲಾದರೆ ಚರಗಕ್ಕೆ ಹಕ್ಕಿ ಬರುತ್ತವೆ. ಇಲ್ಲಿ ಬಂದದ್ದು ಮೂವತ್ತು ಮಂಗ.

ಪಂಚಶೀಲಾ ಚಪ್ಪಲಿ ಬಿಟ್ಟು ಕಲ್ಲು ಹತ್ತಿದಳು. ಹಣಮಂತಮ್ಮ ಡಬ್ಬಿಯ ಮೇಲೆ ಬೋರಲಾಗಿ ಬಿದ್ದಳು, ಅದೊಂದು ಉಳಿಯಿತು. ಒಂದು ದಾಂಡಿಗ ಮಂಗ ಕೌದಿಯನ್ನು ಕುಂಚಿಗೆ ಸಮೇತ ಬಗಲಿಗೆ ಹಾಕಿಕೊಂಡು ಓಟ ಕಿತ್ತಿತು.

ದೂರದಲ್ಲಿ ಸುತ್ತು ಹೊಡೆಯುತ್ತಿದ್ದ ಲಾಡ್ಲೇಸಾಬ ಅದನ್ನು ನೋಡಿದ. “ಯಾ ಅಲ್ಲಾ! ಕೂಸು! ಕೂಸಿನ್ನ ಒಯ್ದದ!” ಎಂದು ಚೀರಿದವನೇ ಓಡಿದ. ಜಾಲಿಮುಳ್ಳು ಅನ್ನಲಿಲ್ಲ, ಬಂಡೆ ಅನ್ನಲಿಲ್ಲ. ಟೊಪ್ಪಿಗೆ ಒಂದು ಕಡೆ, ಬೂಟು ಇನ್ನೊಂದು ಕಡೆ ಬಿತ್ತು. “ಕೂಸಲ್ಲೋ ಅಣ್ಣಾ, ರೊಟ್ಟಿ!” ಎಂದು ಹಣಮಂತಮ್ಮ ಎಷ್ಟು ಅರಚಿದರೂ ಅವನ ಕಿವಿಗೆ ಬೀಳಲಿಲ್ಲ. ಮಂಗ ಬೇವಿನ ಮರ ಹತ್ತಿ, ಕುಂಚಿಗೆ ಎಳೆದು, ಗಂಟನ್ನು ಕೈಬಿಟ್ಟಿತು. ಲಾಡ್ಲೇಸಾಬ ಎರಡೂ ಕೈ ಚಾಚಿ ಹಾರಿ ಅದನ್ನು ಹಿಡಿದು, ಅಂಗಾತ ಬಿದ್ದ. ಎದೆಯ ಮೇಲೆ ಕೌದಿ ಬಿಚ್ಚಿಕೊಂಡು ಒಂದೊಂದೇ ರೊಟ್ಟಿ ಜಾರಿದವು.

ಅತ್ತೆ ಸೊಸೆ ಏದುಸಿರು ಬಿಡುತ್ತ ಓಡಿ ಬಂದಾಗ ಅವನು ಎದ್ದು ಕೂತಿದ್ದ. ಮೊಣಕೈಯಲ್ಲಿ ರಕ್ತ ಒಸರುತ್ತಿತ್ತು.

“ನಂದು ಮೊಮ್ಮಗಳು ಎರಡು ತಿಂಗಳ ಕೂಸು ಅದ ಯವ್ವಾ,” ಎಂದ. “ಅದೇ ಕಣ್ಣ ಮುಂದ ಬಂತು. ಎದಿ ಒಡದು ಸಾಯ್ತಿದ್ದೆ ನಾ.”

ಹಣಮಂತಮ್ಮನಿಗೆ ಆವರೆಗೆ ಇಡೀ ದಿನ ಮೋಜೇ ಆಗಿತ್ತು. ಈಗ ಅವನ ಒದ್ದೆ ಕಣ್ಣು ನೋಡಿ ಸೆರಗಿನ ತುದಿಯಿಂದ ಅವನ ಮೊಣಕೈಯ ರಕ್ತ ಒರೆಸಿದಳು. “ತಪ್ಪಾತಪ್ಪಾ. ದೊಡ್ಡ ತಪ್ಪಾತು,” ಎಂದಳು. ಅವಳ ಬಾಯಿಂದ ಆ ಮಾತನ್ನು ಪಂಚಶೀಲಾ ಇಪ್ಪತ್ತೆರಡು ವರ್ಷದಲ್ಲಿ ಮೊದಲ ಸಲ ಕೇಳಿದ್ದು.

“ನಡೀರಿ ಆಫೀಸಿಗೆ. ಸಾಹೇಬರ ಮುಂದ ಹೇಳ್ರಿ, ಏನ್ ಹೇಳ್ತೀರಿ,” ಎಂದ ಲಾಡ್ಲೇಸಾಬ.

ಆಗ ಪಂಚಶೀಲಾ ಮುಂದೆ ಬಂದಳು. “ಬರಕೋಳೋದಿದ್ರ ನನ್ನ ಹೆಸರು ಬರಕೋರಿ ಅಣ್ಣಾರ, ಬಾಣಂತಿ ನಾನೇ ಅಲ್ಲೇನು? ಈಕಿ ನಲವತ್ತು ವರ್ಷ ಮಂದಿ ಹೊಲದಾಗ ದುಡದು, ಮಂದಿ ಕರದಲ್ಲಿ ಉಂಡಾಳ. ಇವತ್ತೊಂದಿನ ತಾನು ಯಾರಿಗರೆ ಕರದು ಉಣಸ್ತೀನಂತ ಬಂದಾಳ. ನಮಗ ಹೊಲ ಇಲ್ರಿ. ಅದಕ್ಕ ಇಲ್ಲಿ ಬಂದಾಳ.”

ಲಾಡ್ಲೇಸಾಬ ಬಿದ್ದ ರೊಟ್ಟಿಗಳನ್ನು ಒಂದೊಂದಾಗಿ ಆರಿಸಿ, ಮಣ್ಣು ಝಾಡಿಸಿ, ಕೌದಿಯ ಮೇಲೆ ಜೋಡಿಸಿದ. ಹನ್ನೊಂದು ಉಳಿದಿದ್ದವು; ಮಿಕ್ಕ ರೊಟ್ಟಿ, ಕಡುಬು ಎಲ್ಲ ಮಂಗಗಳ ಪಾಲಾಗಿದ್ದವು. ಬನ್ನಿ ಮರದವರೆಗೂ ತಾನೇ ಹೊತ್ತು ತಂದು ಇಟ್ಟ. ನಳದಲ್ಲಿ ಕೈ ತೊಳೆದುಕೊಂಡು ಬಂದು ಅವಳೆದುರು ನಿಂತ. ನಿಂತೇ ಇದ್ದ.

“ಕೂಡಪಾ, ಯಾಕ ನಿಂತಿ?” ಎಂದಳು ಹಣಮಂತಮ್ಮ.

“ನೀವು ಇನ್ನಾ ಕರದೇ ಇಲ್ಲಲ್ಲ ಯವ್ವಾ. ಕರೀದಾ ಹ್ಯಾಂಗ ಕೂಡ್ಲಿ?”

ಅವಳು ಮೊಣಕಾಲಿಗೆ ಕೈಕೊಟ್ಟು ಎದ್ದಳು. ಬಾಯಿಗೆ ಎರಡೂ ಕೈ ಅಡ್ಡ ಹಿಡಿದಳು. ಮೂರೇ ಮೊಳ ದೂರದಲ್ಲಿದ್ದವನನ್ನು ಮೂರು ಹೊಲ ಆಚೆ ಇದ್ದವನಂತೆ ಕರೆದಳು.

“ಲಾಡ್ಲೇಸಾಬಣ್ಣಾ… ಬಾರಪ್ಪೋ… ಉಣ್ಣಾಕ ಬಾ!”

ಆ ದನಿಗೆ ದೋಣಿಯಲ್ಲಿದ್ದವರೂ ತಿರುಗಿ ನೋಡಿದರು. ಕಸ ಗುಡಿಸುತ್ತಿದ್ದ ನಾಲ್ಕು ಹೆಣ್ಣುಮಕ್ಕಳು, ಎಳ್ಳಮಾಸಿ ದಿನ ಆ ಕೂಗು ಕೇಳಿದರೆ ಬಿಡುವವರೇ, ಕಸಬರಿಗೆ ಎಸೆದು ಬಂದು ಸಾಲಾಗಿ ಕೂತರು. ಹಣಮಂತಮ್ಮ ಬಗ್ಗಿ ಬಗ್ಗಿ ಬಡಿಸಿದಳು. ಬೇಡವೆಂದವರ ರೊಟ್ಟಿಯ ಮೇಲೂ ಬಜ್ಜಿ ಸುರಿದಳು. ಲಾಡ್ಲೇಸಾಬ ಮೂರು ರೊಟ್ಟಿ ತಿಂದ. ನೋಡನೋಡುತ್ತಿದ್ದಂತೆ ಡಬ್ಬಿ ತಳ ಕಂಡಿತು.

“ಅತ್ತಿ, ನಿಮಗ ಏನೂ ಉಳೀಲಿಲ್ಲಲ್ರಿ,” ಎಂದು ಪಂಚಶೀಲಾ ಪಿಸುಗುಟ್ಟಿದಳು.

“ಸುಮ್ನಿರು,” ಎಂದಳು ಹಣಮಂತಮ್ಮ, ಸೊಂಟದ ಮೇಲೆ ಕೈಯಿಟ್ಟು ಮುನ್ನೂರು ಎಕರೆಯನ್ನೂ ಒಮ್ಮೆ ನೋಡಿ. “ಹೊಲದವರು ಮನಿಗೆ ಹೋಗಿ ಉಣ್ಣತಾರ.”