ಮೇಲಿನಿಂದ ಕಂಡ ದೀಪಸ್ತಂಭ

ಆ ಮಂಗಳವಾರ ಸುಪೀರಿಯರ್ ಸರೋವರದ ಅಲೆ ಎಷ್ಟೆತ್ತರ ಎದ್ದಿತೆಂದರೆ, ನೂರಡಿಯ ದೀಪಸ್ತಂಭದ ನೆತ್ತಿಯನ್ನು ವೆಯ್ಕೊ ಹೌಟಾಲ ದೋಣಿಯಲ್ಲಿ ಕೂತೇ ಮೇಲಿನಿಂದ ಬಗ್ಗಿ ನೋಡಿದ. ನೋಡಿದ್ದಷ್ಟೇ ಅಲ್ಲ, ಫೋಟೊ ಹೊಡೆದ. ಅಲೆ ಕೆಳಗಿಳಿಯುವುದರೊಳಗೆ ಫ್ಲಾಸ್ಕಿನ ಕಾಫಿಯನ್ನೂ ಮುಗಿಸಿದ.

ಭಾನುವಾರ ಮಧ್ಯಾಹ್ನ ಡೋರೀನ್ ಟ್ರೆಂಬಾತ್‌ಳ ಪೇಸ್ಟಿ ಎಂಬ ಮಾಂಸದ ಕಡುಬಿನ ಅಂಗಡಿಯಲ್ಲಿ, ದೀಪಸ್ತಂಭ ಸುತ್ತುವವರ ಸಂಘದ ಹದಿನಾಲ್ಕು ಜನರ ಮುಂದೆ ಅವನು ಹೇಳಿದ್ದು ಹೀಗೆ. ಹೇಳುತ್ತ ಹೇಳುತ್ತ ಅಲೆ ಇನ್ನೂ ಹತ್ತಡಿ ಬೆಳೆಯಿತು.

ಅವನ ಕಣ್ಣಿದ್ದದ್ದು ಗಂಟೆಯ ಮೇಲೆ. ಅಂಗಡಿಯ ಗೋಡೆಯಲ್ಲಿ ಸಂಘದ ಒಬ್ಬೊಬ್ಬರಿಗೂ ಒಂದು ಸಾಲು ಮೊಳೆ. ಐದು ಮಹಾಸರೋವರಗಳ ದಂಡೆ ಸುತ್ತಿ ತಾನೇ ತೆಗೆದ ಒಂದೊಂದು ದೀಪಸ್ತಂಭದ ಚಿತ್ರಕ್ಕೆ ಒಂದೊಂದು ಮೊಳೆ. ಸಾಲು ತುಂಬಿದವರು ಬಾಗಿಲ ಬಳಿ ತೂಗುವ ಹಳೆಯ ಹಡಗಿನ ಗಂಟೆ ಬಾರಿಸಬಹುದು. ಡೋರೀನ್ ಹನ್ನೊಂದು ವರ್ಷದ ಹಿಂದೆಯೇ ಬಾರಿಸಿದ್ದಳು. ಅದನ್ನು ಅವನು ಒಂದು ದಿನವೂ ಮರೆಯದಂತೆ ನೋಡಿಕೊಂಡಿದ್ದಳು. ಎಪ್ಪತ್ತೊಂದು ವರ್ಷದ ವೆಯ್ಕೊನ ಸಾಲಿನಲ್ಲಿ ಖಾಲಿ ಉಳಿದದ್ದು ಒಂದೇ ಮೊಳೆ: ದಡದಿಂದ ಇಪ್ಪತ್ತು ಮೈಲಿ ಆಚೆ, ನಡುನೀರಿನ ಒಂಟಿಬಂಡೆಯ ದೀಪ. ಆರು ಬೇಸಿಗೆ ಹೊರಟಿದ್ದ. ಆರು ಸಲವೂ ಸರೋವರ ಕತ್ತು ಹಿಡಿದು ವಾಪಸು ಕಳಿಸಿತ್ತು. ಇದು ಏಳನೆಯದು.

"ತಾರೋ ಇಲ್ಲಿ," ಎಂದು ಡೋರೀನ್ ಹಿಟ್ಟಿನ ಕೈ ಒರೆಸಿಕೊಂಡು ಚಿತ್ರ ಇಸಕೊಂಡಳು. ನಿಜಕ್ಕೂ ಮೇಲಿನಿಂದ ತೆಗೆದದ್ದೇ. ಕೆಂಪು ತಲೆ, ಬಿಳಿ ಮೈ, ಸುತ್ತ ಚಿಮ್ಮಿದ ನೀರು.

"ಅಬ್ಬಬ್ಬಾ! ಕಟಕಟೆ ಮೇಲೆ ಕಾವಲುಗಾರ ಬೇರೆ ನಿಂತಿದಾನಲ್ಲೋ!"

"ಎಲ್ಲಿ?"

"ಇಗೋ. ಕೆಂಪು ಕೋಟು. ಕೋಟಿನ ಮೇಲೆ ಕಪ್ಪು ಚುಕ್ಕೆ. ಕಾಲು ಎಷ್ಟಪ್ಪಾ... ಆರು!"

ವೆಯ್ಕೊ ಬಗ್ಗಿ ನೋಡಿದ. ಕಟಕಟೆಯ ಮೇಲೆ ಒಂದು ಗುಲಗಂಜಿ ಹುಳು ಬಿಸಿಲು ಕಾಯಿಸುತ್ತ ಕೂತಿತ್ತು.

"ನಮ್ಮ ಹಿತ್ತಿಲ ಬಾವಿ ಮುಚ್ಚೋಕೆ ನನ್ನ ಗಂಡ ಮಾಡಿದ ಗೊಂಬೆ ಲೈಟ್‌ಹೌಸ್ ಕಣೋ ಇದು, ಕಳ್ಳಾ! ನೀರು ಎರಚಿದ್ದು ಯಾರು?"

"ನಾನೇ ಅಕ್ಕಾ," ಎಂದಳು ವೆಯ್ಕೊನ ಹೆಂಡತಿ ಲೆಂಪಿ. "ನಲವತ್ತೇಳು ವರ್ಷದ ಸಂಸಾರ. ಒಂದು ಬಕೆಟ್ ನೀರಿಗೆ ಇಲ್ಲ ಅನ್ನೋಕಾಗುತ್ತಾ?"

ಎದ್ದ ನಗೆಗೆ ಆಚೆ ದಡದ ಕೆನಡಾದಲ್ಲಿ ಬಾತುಕೋಳಿಗಳು ಹಾರಿಹೋದವು.

"ಹಾಗಾದ್ರೆ ಹೋಗೇ ಇಲ್ವಾ ನೀನು?"

"ಹೋಗಿದ್ದ," ಎಂದ ದೋಣಿಯ ಗಸ್ ಪೆಲ್ಟೋಲ, ಬಾಯ್ತುಂಬ ಮಾಂಸ, ಆಲೂಗಡ್ಡೆ. "ನಾನೇ ಕರಕೊಂಡು ಹೋಗಿದ್ದು. ಅಲೆ ಎಲ್ಲಿಂದ ಬರ್ಬೇಕು ಮಾರಾಯ್ತಿ, ನೀರು ತಟ್ಟೇಲಿಟ್ಟ ಹಾಗಿತ್ತು. ಮಂಜು ಮಾತ್ರ ಕೇಳ್ಬೇಡ."

ವೆಯ್ಕೊ ಒಳಜೇಬಿನಿಂದ ಇನ್ನೊಂದು ಚಿತ್ರ ತೆಗೆದ. ಪೂರ್ತಿ ಬಿಳಿ. ಮಜ್ಜಿಗೆ ಗಡಿಗೆಯೊಳಗೆ ತಲೆ ಹಾಕಿ ತೆಗೆದ ಹಾಗಿತ್ತು.

"ಇದೇ ಒಂಟಿಬಂಡೆ," ಎಂದ. ದನಿ ಕುಗ್ಗಿತ್ತು. "ಮಂಜಲ್ಲಿ ಹಡಗುಗಳನ್ನ ಎಚ್ಚರಿಸೋ ಕೊಂಬು ಕಿವೀಲೇ ಕೂಗ್ತಿತ್ತು. ಗೋಡೆ ಮೇಲೆ ಅಂಗೈ ಇಟ್ಟೆ. ಫೋಟೊದಲ್ಲಿ ಏನೂ ಬೀಳ್ಲಿಲ್ಲ. ಇದನ್ನ ಯಾವ ಮುಖ ಇಟ್ಕೊಂಡು ತೋರಿಸ್ಲಿ?"

ಡೋರೀನ್ ಆ ಬಿಳಿಯನ್ನು ಬಹಳ ಹೊತ್ತು ನೋಡಿದಳು. ಅವಳ ತಾತ ಹತ್ತೊಂಬತ್ತು ವರ್ಷ ಆ ದೀಪ ಕಾದವನು.

"ಬೇಸಿಗೆ ಪೂರ್ತಿ ಕಿಟಕಿ ಆಚೆ ಹಿಂಗೇ ಇರ್ತಿತ್ತಂತೆ, ತಾತ ಹೇಳ್ತಿದ್ದ. ನನ್ನ ಫೋಟೊ ನೋಡಿದ್ರೆ ಅವನಿಗೆ ಗುರುತೇ ಸಿಗ್ತಿರ್ಲಿಲ್ಲ, ಅಷ್ಟು ಬಿಸಿಲು." ಅವಳೇ ಅದನ್ನು ಕೊನೆಯ ಮೊಳೆಗೆ ಸಿಕ್ಕಿಸಿದಳು. "ಅಲ್ಲೇ ತೆಗೆದಿರ್ಬೇಕು ಅಂತ ನಿಯಮ ಬರೆದವಳು ನಾನು. ಕಾಣ್ಬೇಕು ಅಂತ ಬರ್ದಿಲ್ಲ. ಹೋಗು, ಬಾರಿಸು."

ಮೂರು ಸಲ ಬಾರಿಸುವುದು ವಾಡಿಕೆ. ವೆಯ್ಕೊ ಮುನ್ನೂರು ಸಲ ಬಾರಿಸಿದ. ಐದೂ ಸರೋವರಗಳ ಹಡಗುಗಳು ದಾರಿ ಬಿಟ್ಟು ನಿಂತವು. ಲೆಂಪಿ ಕುಣಿದಳು, ಹದಿನಾಲ್ಕು ಜನ ಮೇಜು ಬಡಿದರು.

ಅಷ್ಟರಲ್ಲಿ ಡೋರೀನ್ ಗಂಟೆಯ ಹಗ್ಗ ಹಿಡಿದಳು. "ಅಂಗೈ ಇಟ್ಟೆ ಅಂದ್ಯಲ್ಲ. ಗೋಡೆ ತಣ್ಣಗಿತ್ತೇನೋ?"

ಗಸ್ ಅಗಿಯುವುದನ್ನು ನಿಲ್ಲಿಸಿದ. ವೆಯ್ಕೊ ಅವನ ಮುಖ ನೋಡಿದ, ಚಾವಣಿ ನೋಡಿದ.

"ಅಂಗೈ ಅಲ್ಲ. ದೋಣಿ ಕೊಕ್ಕೆ ತುದಿ ತಾಗ್ತು." ಗಂಟಲು ಸರಿಮಾಡಿಕೊಂಡ. "ಕೊಕ್ಕೆ ಹಿಡಿದಿದ್ದೂ ಗಸ್. ನಾನು ಗಸ್‌ನ ಸೊಂಟ ಹಿಡ್ಕೊಂಡಿದ್ದೆ."