ಗುಡಿಲಂಕದ ರೇವು

"ನಾನ್ ಹತ್ತಲ್ಲ ಬುಡಿ ಸಾಬ್ರೆ. ಇಲ್ಲೇ ಕುಂತಿರ್ತೀನಿ, ನೀವೇ ಹೋಗಿ ಸೊಸೇನ ಕರ್ಕೊಂಡ್ ಬನ್ನಿ."

ಕದರಮ್ಮ ರೇವಿನ ಮರಳಿನ ಮೇಲೆ ಬಟ್ಟೆಚೀಲ ಇಟ್ಟು ಅದರ ಪಕ್ಕದಲ್ಲೇ ಕೂತುಬಿಟ್ಟಳು. ಎದುರಿಗೆ ಗೋದಾವರಿಯ ಒಂದು ಕವಲು. ಹರಿಯುತ್ತಿದೆಯೋ ಸುಮ್ಮನೆ ಮಲಗಿದೆಯೋ ಹೇಳಲಾಗದಷ್ಟು ಅಗಲ. ಆಚೆ ದಡದಲ್ಲಿ ತೆಂಗಿನ ಸಾಲು, ಅದರ ತಲೆಯ ಮೇಲೆ ಗುಡಿಲಂಕದ ನರಸಿಂಹಸ್ವಾಮಿ ಗೋಪುರ. ಆಗಿನ್ನೂ ಅಲ್ಲಿಗೆ ಸೇತುವೆ ಬಂದಿರಲಿಲ್ಲ. ಮದುವೆ ದಿಬ್ಬಣವಾಗಲಿ, ಹಾಲಿನ ಕ್ಯಾನಾಗಲಿ, ಸೈಕಲ್ಲಾಗಲಿ, ಎಲ್ಲವೂ ದೋಣಿಯಲ್ಲೇ ದಾಟಬೇಕಿತ್ತು.

"ಎರಡು ದಿನ ರೈಲು, ಬಸ್ಸು ಅಂತ ಬಂದು ಇಲ್ಲಿ ಕೂತ್ರೆ ಹೆಂಗಕ್ಕಾ?" ಬುಡನ್ ಸಾಬ್ ನಕ್ಕ. "ನನ್ ಹುಣಸೆ ಮೂಟೆಗಳೇ ಮುಳುಗಿಲ್ಲ, ನೀವು ಮುಳುಗ್ತೀರಾ?"

ಬುಡನ್ ಸಾಬ್ ಗುಬ್ಬಿಯ ಹುಣಸೆಹಣ್ಣಿನ ವ್ಯಾಪಾರಿ. ಪ್ರತಿವರ್ಷ ಲಾರಿಯಲ್ಲಿ ಹಣ್ಣು ತುಂಬಿಸಿ ಈ ಕಡೆಯ ಪೇಟೆಗಳಿಗೆ ಕಳಿಸುತ್ತಿದ್ದ. ತೆಲುಗು ಅವನ ಬಾಯಲ್ಲಿ ಉರ್ದುವಿನಷ್ಟೇ ಸಲೀಸು. ಅವನ ಲಾರಿ ಓಡಿಸುತ್ತಿದ್ದವನು ನಿಟ್ಟೂರಿನ ರಂಗನಾಥ್, ಕದರಮ್ಮನ ಒಬ್ಬನೇ ಮಗ. ಗುಡಿಯ ಬೀದಿಯಲ್ಲಿ ಊಟದ ಮನೆ ನಡೆಸುತ್ತಿದ್ದ ಹೆಂಗಸಿನ ಮಗಳು ವನಜಳನ್ನು ಅವನು ಮೆಚ್ಚಿದಾಗ, ಎರಡೂ ಮನೆಗೆ ಮಾತು ಮುಟ್ಟಿಸಿ ಮದುವೆ ಕೂಡಿಸಿದವನು ಬುಡನ್ ಸಾಬ್. ಅದಕ್ಕೇ ಈಗ ಈ ಉಸಾಬರಿಯೂ ಅವನ ಹೆಗಲಿಗೇ ಬಂದಿತ್ತು.

ವನಜ ಸಂಕ್ರಾಂತಿಗೆಂದು ತವರಿಗೆ ಬಂದವಳು ಮುಂಗಾರು ಹತ್ತಿರವಾದರೂ ವಾಪಸಾಗಿರಲಿಲ್ಲ. ಜಗಳ ಗಂಡನ ಜೊತೆಯದ್ದಲ್ಲ, ನೀರಿನದು. ಹೊಳೆಯಲ್ಲಿ ಮಿಂದು ಬೆಳೆದ ಹುಡುಗಿಗೆ ನಿಟ್ಟೂರಿನ ಬೋರ್‌ವೆಲ್ಲಿನ ಲೆಕ್ಕ ತಿಳಿಯದು. ಒಂದು ದಿನ ತಲೆಸ್ನಾನಕ್ಕೆ ಮನೆಯಲ್ಲಿದ್ದ ಕೊಡಗಳನ್ನೆಲ್ಲ ಬರಿದು ಮಾಡಿದ್ದಳು. ಬೋರಿನ ಹತ್ತಿರ, ಇಡೀ ಕೇರಿಯ ಹೆಂಗಸರೆದುರು, ಕದರಮ್ಮ ಕೂಗಿದ್ದಳು: "ನಿಮ್ಮೂರ ಹೊಳೇನ ಸೊಂಟದ್ ಮ್ಯಾಲೆ ಹೊತ್ಕೊಂಡ್ ಬಂದಿದೀಯೇನೇ?" ಹೆಂಗಸರು ನಕ್ಕಿದ್ದರು. ವನಜ ಖಾಲಿ ಕೊಡ ಎತ್ತಿಕೊಂಡು ಹೋಗಿದ್ದಳು. "ಅವಳಾಗಿ ಹೋದವ್ಳು, ಅವಳಾಗೇ ಬರ್ಲಿ" ಅಂತ ರಂಗನಾಥ್ ಹಟ ಹಿಡಿದಿದ್ದ. ಆದರೆ ತಟ್ಟೆಯಲ್ಲಿ ಅನ್ನ ಉಳಿಸಿ ಏಳುತ್ತಿದ್ದ ಮಗನನ್ನು ದಿನಾ ನೋಡುವುದು ಕದರಮ್ಮನಿಗೆ ಆಗಲಿಲ್ಲ.

ಕೊನೆಗೆ ಬುಡನ್ ಸಾಬನ ಹೆಗಲು ಹಿಡಿದು ದೋಣಿ ಹತ್ತಿದಳು. ಮೊದಮೊದಲು ಕಣ್ಣು ಮುಚ್ಚಿಯೇ ಕೂತಿದ್ದಳು. ಗಾಳಿಯಲ್ಲಿ ಪಾಚಿಯದೂ ಮೀನಿನದೂ ಹಸಿ ಮಣ್ಣಿನದೂ ಸೇರಿದ ಒಂದು ವಾಸನೆ ಬಂತು. ಕದರಮ್ಮ ಕಣ್ಣು ಬಿಟ್ಟಳು.

"ಸಾಬ್ರೆ, ಇದು ನಮ್ ಕುಣಿಗಲ್ ಕೆರೆ ವಾಸ್ನೆ ಕಣ್ರಿ."

ಅವಳು ಹುಟ್ಟಿದ್ದು ಕುಣಿಗಲ್ ಕೆರೆಯ ಏರಿಯ ಕೆಳಗಿನ ಮನೆಯಲ್ಲಿ. ಕೋಡಿ ಬಿದ್ದ ವರ್ಷ ಅಣ್ಣಂದಿರ ಜೊತೆ ಲಂಗ ಎತ್ತಿ ಕಟ್ಟಿ ನೀರಿಗಿಳಿಯುತ್ತಿದ್ದಳು. ಏರಿಯ ಮೇಲೆ ಕೂತು ಕಾಲಾಡಿಸುತ್ತ ಹಸಿ ಕಡಲೆ ತಿನ್ನುತ್ತಿದ್ದಳು. ಮೈನೆರೆದ ವರ್ಷವೇ ನಿಟ್ಟೂರಿಗೆ ಕೊಟ್ಟರು. ಆಮೇಲೆ ಹೊಲ, ದನ, ಮಗ. ಕೆರೆಯೊಂದಿತ್ತು ಎನ್ನುವುದೇ ಮರೆತುಹೋಗಿತ್ತು. ದೋಣಿ ದಡ ಮುಟ್ಟುವವರೆಗೂ ಅವಳು ಮತ್ತೆ ಕಣ್ಣು ಮುಚ್ಚಲಿಲ್ಲ.

ಊಟದ ಮನೆಯ ಬಾಗಿಲಲ್ಲಿ ವನಜಳ ತಾಯಿ "ವದಿನಗಾರೂ" ಎಂದು ಅತ್ತಿಗೆಯನ್ನು ಕರೆಯುವಂತೆ ಕರೆದು ಎರಡೂ ಕೈ ಹಿಡಿದುಕೊಂಡಳು. ಅವಳ ಹಿಂದೆ ವನಜ ನಿಂತಿದ್ದಳು, ಮುಖ ಬಿಗಿದುಕೊಂಡು. ಆದರೂ ಚೊಂಬು ತಂದು ಅತ್ತೆಯ ಕಾಲಿಗೆ ನೀರು ಹಾಕಿದಳು. "ಚೆನ್ನಾಗಿದೀರಾ" ಎಂದಳು. ಅಷ್ಟೇ.

ಮಾರನೆಯ ದಿನ ಬೆಳಗಿನ ಜಾವ ಗುಡಿಯ ಗಂಟೆ ಮೊಳಗಿತು. ಬೀದಿಯ ಹೆಂಗಸರೆಲ್ಲ ತಾಮ್ರದ ಬಿಂದಿಗೆ ಹಿಡಿದು ರೇವಿಗೆ ಇಳಿದರು. ಕದರಮ್ಮನೂ ಅವರ ಹಿಂದೆ ಹೋಗಿ ಮೆಟ್ಟಿಲ ಮೇಲೆ ಕೂತಳು. ವನಜ ಎದೆಯ ಮಟ್ಟದ ನೀರಿನಲ್ಲಿ ನಿಂತು ಮುಳುಗಿ ಏಳುತ್ತಿದ್ದಳು. ಯಾರೋ ಏನೋ ಅಂದರು. ಅವಳು ತಲೆ ಹಿಂದಕ್ಕೆ ಚೆಲ್ಲಿ ಜೋರಾಗಿ ನಕ್ಕಳು. ಈ ನಗು ನಿಟ್ಟೂರಿನಲ್ಲಿ ಒಂದು ದಿನವೂ ಕೇಳಿರಲಿಲ್ಲ ಎಂದು ಕದರಮ್ಮನಿಗೆ ಅನ್ನಿಸಿತು.

ಸ್ನಾನ ಮುಗಿಸಿ ಬಂದ ವನಜ, ಅತ್ತೆಗಿಂತ ಎರಡು ಮೆಟ್ಟಿಲು ಮೇಲೆ ಕೂತು ಕೂದಲು ಹಿಂಡತೊಡಗಿದಳು.

"ಅತ್ತೆ, ನನ್ ಕರಿಯಕ್ಕೆ ಬಂದಿದ್ರೆ... ನಾನ್ ಬರಲ್ಲ."

"ಬರ್ಬ್ಯಾಡ ಬುಡು," ಎಂದಳು ಕದರಮ್ಮ.

ವನಜಳ ಕೈ ನಿಂತಿತು.

"ಅವತ್ತು ಬೋರ್ ತಾವ ಅಂದೆನಲ್ಲ, ಅದು ನನ್ ಮಾತಲ್ಲ ಕಣೇ. ನಮ್ಮತ್ತೆ ನಂಗಂದಿದ್ದು. ಕುಣಿಗಲ್ ಕೆರೇನ ಹೊತ್ಕೊಂಡ್ ಬಂದಿದೀಯೇನೇ ಅಂತ. ಆಗ ನಾನು ಚಿಕ್ಕೋಳು. ಹಿತ್ಲಲ್ಲಿ ಕುಂತು ಅತ್ತಿದ್ದೆ. ಯಂಗ್ ಮರೆತ್ನೋ, ನೋಡು. ಅದೇ ಮಾತು ನಿಂಗಂದ್ಬುಟ್ಟೆ."

ಕೆಳಗೆ ಯಾರದೋ ಬಿಂದಿಗೆ ಗುಳುಗುಳು ಎಂದು ತುಂಬುತ್ತಿತ್ತು.

"ನೀವು ಆಮೇಲೆ ಆ ಕೆರೆ ನೋಡಕ್ಕೆ ಹೋಗ್ಲಿಲ್ವಾ?"

"ಯಾರ್ ಕರ್ಕೊಂಡ್ ಹೋಗ್ತಿದ್ರು? ಅಪ್ಪ ಸತ್ತಾಗ ಒಂದಪ ಹೋಗಿದ್ದೆ. ಕೆರೆ ಕಡೆ ತಿರುಗಿ ನೋಡಕ್ಕೂ ಬುಡ್ಲಿಲ್ಲ, ಬಸ್ಸಿಗೆ ಹೊತ್ತಾಯ್ತು ಅಂದ್ರು." ಕದರಮ್ಮ ಸೆರಗಿನಿಂದ ಮುಖ ಒರೆಸಿಕೊಂಡಳು. "ನೀನು ಬಂದ್ರೆ, ವರ್ಷಾ ವರ್ಷಾ ಸಂಕ್ರಾಂತಿಗೆ ಇಲ್ಲಿಗೆ ನಾನೇ ಕರ್ಕೊಂಡ್ ಬತ್ತೀನಿ. ರಂಗ ಬಂದ್ರೂ ಸೈ, ಬರ್ದಿದ್ರೂ ಸೈ."

ವನಜ ಅತ್ತೆಯನ್ನೇ ನೋಡಿದಳು. ಆಮೇಲೆ ಮೆಟ್ಟಿಲಿಳಿದು ಬಂದು ಕೈ ಚಾಚಿದಳು. "ಬನ್ನಿ. ನೀರಿಗಿಳೀರಿ. ನಾನ್ ಹಿಡ್ಕೋತೀನಿ."

ಮಾತು ತಪ್ಪಲಿಲ್ಲ ಕದರಮ್ಮ. ಮೊಮ್ಮಗಳು ಕೃತಿಕಾ ಕೈಗೂಸಾಗಿದ್ದ ವರ್ಷವೂ ಬಂದಳು, ಮಂಡಿ ನೋವು ಶುರುವಾದ ಮೇಲೂ ಬಂದಳು. ವನಜಳ ತಾಯಿಯ ಜೊತೆ ಜಗಲಿಯಲ್ಲಿ ಕೂತು ಇವಳು ಕನ್ನಡದಲ್ಲಿ, ಅವಳು ತೆಲುಗಿನಲ್ಲಿ ಸಂಜೆಯವರೆಗೂ ಹರಟುತ್ತಿದ್ದರು. ಎರಡು ಸಾವಿರದ ಇಸವಿಯ ಮೇಲೆ ಸೇತುವೆ ಬಂತು, ಬಸ್ಸು ಗುಡಿಯ ಮುಂದೆಯೇ ನಿಲ್ಲತೊಡಗಿತು. "ದೋಣಿ ಇದ್ದಾಗ ಊರು ಊರಂಗಿತ್ತು" ಎಂದು ಎಲ್ಲರಿಗಿಂತ ಹೆಚ್ಚು ಕೊರಗಿದವಳು ಕದರಮ್ಮ. ಅವಳಿಗೆ ಯಾವಾಗಲೂ ನೆನಪಾಗುತ್ತಿದ್ದುದು ಮೊದಲ ಸಲ ಸೊಸೆಯನ್ನು ಕರೆದುಕೊಂಡು ಹೊರಟ ಬೆಳಗು.

ಅವತ್ತು ದೋಣಿಯಲ್ಲಿ ತುಂಬ ಜನ. ವನಜಳಿಗೆ ಸಿಕ್ಕಿದ್ದು ಊರಿಗೆ ಬೆನ್ನು ಮಾಡಿ ಕೂರುವ ಜಾಗ. ತಾಯಿ ಹಳದಿ ಸೀರೆಯುಟ್ಟು ರೇವಿನ ಮೆಟ್ಟಿಲ ಮೇಲೆ ನಿಂತಿದ್ದಳು. ವನಜ ಒಮ್ಮೆ ಕತ್ತು ತಿರುಗಿಸಿ ನೋಡಿದಳು. ಮತ್ತೊಮ್ಮೆ ತಿರುಗಿಸಿದಾಗ ಪಕ್ಕದವರ ಬುಟ್ಟಿ ಅಡ್ಡ ಬಂತು. ಅವಳು ತಲೆ ತಗ್ಗಿಸಿ ಕೂತಳು.

ದೋಣಿ ಸ್ವಲ್ಪ ದೂರ ಸಾಗಿದಾಗ ಎದುರಿಗೆ ಕೂತಿದ್ದ ಕದರಮ್ಮ ಎದ್ದು ನಿಂತಳು. ದೋಣಿ ಓಲಾಡಿತು.

"ಅಕ್ಕಾ, ಕೂತ್ಕಳಿ, ಕೂತ್ಕಳಿ!" ಬುಡನ್ ಸಾಬ್ ಗಾಬರಿಯಾದ.

"ಏಯ್ ವನಜಾ, ಈ ಕಡೀಕ್ ಬಾ. ನಂಗೆ ಬಿಸ್ಲು ಕಣ್ಣಿಗೊಡೀತದೆ."

ಮುಂಗಾರಿನ ಮೋಡ ಆಕಾಶವನ್ನೆಲ್ಲ ಮುಚ್ಚಿತ್ತು. ವನಜ ಎದ್ದು ಅತ್ತೆಯ ಜಾಗದಲ್ಲಿ ಕೂತಳು. ಕದರಮ್ಮ ಬುಡನ್ ಸಾಬನ ಹೆಗಲು ಹಿಡಿದು, ನೀರನ್ನು ನೋಡದೆ, ಮೆಲ್ಲಗೆ ಆ ಕಡೆ ಇಳಿದು ಕೂತಳು. ಗೋಪುರದ ಕೆಳಗೆ, ಮೆಟ್ಟಿಲಿನ ಮೇಲೆ, ಹಳದಿ ಸೀರೆಯೊಂದು ಬಹಳ ಹೊತ್ತು ಕಾಣುತ್ತಲೇ ಇತ್ತು.