ರುಜುವಿನ ಮೇಲಿನ ಎರಡು ಸಾಲು

ಏಳನೇ ತೂಬಿನ ಚಕ್ರಕ್ಕೆ ಹತ್ತೊಂಬತ್ತು ವರ್ಷದಿಂದ ಒಬ್ಬಳದೇ ಕೈ. ಕಾಲುವೆಯ ಉದ್ದಕ್ಕೂ ಅವಳು ಎಲ್ಲರಿಗೂ ತೂಬಿನಕ್ಕ. ಅವಳ ಗಂಡನನ್ನು ಕೂಡ ಜನ ತೂಬಿನಕ್ಕನ ಯಜಮಾನರು ಅಂತಲೇ ಗುರುತಿಸುತ್ತಿದ್ದರು. ಅವನಿಗೂ ಅದರಲ್ಲಿ ಬೇಸರವಿರಲಿಲ್ಲ. ಮೇಲಿನ ಗೇಟು ಎತ್ತಿದರೆ ನೀರು ಅವಳ ತೂಬಿಗೆ ಬಂದು ಮುಟ್ಟಲು ಐವತ್ತು ನಿಮಿಷ. ಅಷ್ಟರೊಳಗೆ ಅವಳು ಚಕ್ರ ತಿರುಗಿಸಿ, ಹಲಗೆ ಎತ್ತಿ, ನೀರಿಗೆ ಕೆರೆಯ ದಾರಿ ಬಿಡಬೇಕು. ಇಲ್ಲದಿದ್ದರೆ ನೀರು ಏರಿಯನ್ನು ಹತ್ತಿ ಆಚೆಗೆ ಧುಮುಕುತ್ತದೆ.

ಎರಡು ವರ್ಷದಿಂದ ಮಂದವಾಗುತ್ತ ಬಂದ ಅವಳ ಕಿವಿ ಈಚೆಗೆ ಪೂರ್ತಿ ಮುಚ್ಚಿಕೊಂಡಿತ್ತು. ಎದುರಿಗಿದ್ದವರ ತುಟಿ ನೋಡಿ ಮಾತು ಹಿಡಿಯುವುದನ್ನು ಕಲಿತಿದ್ದಳು. ಆದರೆ ಟೆಲಿಫೋನಿಗೆ ತುಟಿ ಎಲ್ಲಿಂದ ತರುವುದು? ಹಿಂದಿನ ತಿಂಗಳು ಒಂದು ಬೆಳಿಗ್ಗೆ ಫೋನು ಬಡಿದುಕೊಂಡು ಬಡಿದುಕೊಂಡು ಸುಮ್ಮನಾಯಿತು. ಅವಳು ಅದಕ್ಕೆ ಬೆನ್ನು ಹಾಕಿ ಚಕ್ರಕ್ಕೆ ಗ್ರೀಸು ಹಚ್ಚುತ್ತಿದ್ದಳು. ಏರಿಯ ಆಚೆ ಒಣಗಲು ಇಟ್ಟಿದ್ದ ಎಂಟು ಸಾವಿರ ಹಸಿ ಇಟ್ಟಿಗೆ ಕರಗಿ ಮತ್ತೆ ಮಣ್ಣಾಯಿತು.

ಕಾಲುವೆಯ ಇಂಜಿನಿಯರು ಕೆಟ್ಟವರಲ್ಲ. ಅವಳ ಎದುರು ಕುರ್ಚಿ ಎಳೆದುಕೊಂಡು, ತುಟಿ ಕಾಣುವ ಹಾಗೆ ನಿಧಾನವಾಗಿ ಹೇಳಿದರು. "ನೋಡಮ್ಮ, ಶನಿವಾರ ಮೇಲಿನ ಗೇಟು ಎತ್ತಿಸ್ತೀನಿ. ಯಾವ ಹೊತ್ತಿಗೆ ಅಂತ ಹೇಳಲ್ಲ. ಸುದ್ದಿ ನಿಮಗೆ ಮುಟ್ಟಿ, ನೀರು ಬರೋದರೊಳಗೆ ಹಲಗೆ ಮೇಲಿರಬೇಕು. ಆಗಲಿಲ್ಲ ಅಂದ್ರೆ ಸೋಮವಾರದಿಂದ ಉಗ್ರಾಣದ ಕೆಲಸ."

ಉಗ್ರಾಣ ಅಂದರೆ ತುಕ್ಕು ಹಿಡಿದ ಬೋಲ್ಟುಗಳನ್ನು ಎಣಿಸುವ ಕತ್ತಲೆ ಕೋಣೆ. ತೂಬಿನಕ್ಕ ಆ ದಿನ ಮಧ್ಯಾಹ್ನ ಊಟ ಬಿಟ್ಟಳು.

ಅವಳ ಮೈದುನ ಕಾಲುವೆ ಕಚೇರಿಯಲ್ಲಿ ಕಂಪ್ಯೂಟರ್ ನೋಡಿಕೊಳ್ಳುವವನು. ನಲವತ್ತು ದಾಟಿದ್ದರೂ ಹೊಸದೊಂದು ಯಂತ್ರ ಕಂಡರೆ ಬಿಚ್ಚದೆ ಬಿಡದ ಮನುಷ್ಯ. ಬುಧವಾರ ಬೆಳಿಗ್ಗೆ ತೂಬಿನ ಮನೆಗೆ ಓಡಿಬಂದವನೇ ಬೆಂಕಿಪೊಟ್ಟಣದಷ್ಟು ದೊಡ್ಡ ಕರಿ ಡಬ್ಬಿಯನ್ನು ಅವಳ ಅಂಗೈ ಮೇಲಿಟ್ಟ.

"ಪೇಜರ್ ಅತ್ತಿಗೆ! ಇದು ಕೂಗೋದಿಲ್ಲ, ನಡುಗುತ್ತೆ. ಮೇಲಿನ ಗೇಟಿನವರು ಇಮೇಲ್ ಕಳಿಸಿದ್ರೆ ನನ್ನ ಲಿನಕ್ಸ್ ಕಂಪ್ಯೂಟರ್ ಅದನ್ನ ಹಿಡ್ಕೊಂಡು, ತಾನೇ ಪೇಜರ್ ಕಂಪನಿಗೆ ಫೋನ್ ಮಾಡಿ, ನಿಮ್ಮ ಸೊಂಟಕ್ಕೆ ಮುಟ್ಟಿಸುತ್ತೆ."

"ನಿನ್ನ ಕಂಪ್ಯೂಟರ್ ನಿನ್ನ ಹಾಗೆ ಊಟದ ಹೊತ್ತಿಗೆ ಮಾಯ ಆಗಲ್ಲ ತಾನೆ?"

"ಅದಕ್ಕೆ ಹೊಟ್ಟೆನೇ ಇಲ್ಲ ಅತ್ತಿಗೆ!"

ಎರಡು ದಿನ ಅವನು ಕಚೇರಿಯ ಮೂಲೆಯಲ್ಲಿ ಮುದುರಿಕೊಂಡು ಕೂತ. ಅವಳ ಹೆಸರಿನಲ್ಲಿ ಒಂದು ಇಮೇಲ್ ವಿಳಾಸ ಮಾಡಿದ. ಅಲ್ಲಿಗೆ ಬಂದ ಪತ್ರವನ್ನು ಎತ್ತಿಕೊಂಡು ಫೋನಿನ ತಂತಿಗೆ ಒಪ್ಪಿಸಬೇಕೆಂದು ಕಂಪ್ಯೂಟರಿಗೆ ನಾಲ್ಕು ಸಾಲಿನ ಅಪ್ಪಣೆ ಬರೆದಿಟ್ಟ. ಮೊದಲ ಸಲ ಕಂಪ್ಯೂಟರ್ ತಪ್ಪು ನಂಬರಿಗೆ ಫೋನ್ ಮಾಡಿ, ಪಾಪ, ಯಾವುದೋ ದರ್ಜಿಯ ಅಂಗಡಿಯವನ ಕಿವಿಯಲ್ಲಿ ಕಿರುಚಿತು. ಎರಡನೇ ಸಲ ಏನೂ ಆಗಲಿಲ್ಲ. ಗುರುವಾರ ಸಂಜೆ ಅವಳು ಬಾಗಿಲ ಬಳಿ ಬಟ್ಟೆ ಮಡಚುತ್ತಿದ್ದಾಗ ಸೊಂಟದ ಮೇಲೆ ಹಲ್ಲಿ ಬಿದ್ದಂತಾಗಿ ಕುಪ್ಪಳಿಸಿದಳು. ಡಬ್ಬಿ ಒಂದೇ ಸಮನೆ ನಡುಗುತ್ತಿತ್ತು. ಪುಟ್ಟ ಗಾಜಿನಲ್ಲಿ ಅಕ್ಷರ ಓಡಿತು: ಅತ್ತಿಗೆ ಬೆಚ್ಚಿಬಿದ್ರಾ?

ಅವಳಿಗೆ ನಗು ತಡೆಯಲಾಗಲಿಲ್ಲ. ಮಡಚಿದ ಬಟ್ಟೆಯನ್ನೆಲ್ಲ ಬಿಟ್ಟು ಕಚೇರಿಗೆ ಓಡಿದಳು. "ಮತ್ತೆ ಕಳಿಸು!" ಏರಿಯ ಮೇಲೆ ನಿಂತು ನೋಡಿದಳು, ಸೇತುವೆಯ ಕೆಳಗೆ ಕೂತು ನೋಡಿದಳು, ಚಕ್ರಕ್ಕೆ ಎರಡೂ ಕೈ ಕೊಟ್ಟು ನೋಡಿದಳು. ಎಲ್ಲಿ ನಿಂತರೂ ಅದು ಬಂದು ಮುಟ್ಟಿತು. ಎರಡು ವರ್ಷದಿಂದ ಅವಳನ್ನು ಯಾರೂ ದೂರದಿಂದ ಕರೆದಿರಲಿಲ್ಲ. ಈಗ ಕರೆಯುತ್ತಿದ್ದರು, ಅವಳಿಗೆ ತಿಳಿಯುತ್ತಿತ್ತು.

ಶುಕ್ರವಾರ ಮೇಲಿನ ಗೇಟಿನ ಹಿರಿಯ ಗುಮಾಸ್ತರಿಗೆ ಒಂದು ಪರೀಕ್ಷೆಯ ಪತ್ರ ಕಳಿಸಲು ಮೈದುನ ಹೇಳಿದ. ಪೇಜರ್ ನಡುಗಿತು. ಇಬ್ಬರೂ ತಲೆಗೆ ತಲೆ ತಾಗಿಸಿ ಓದಿದರು: ಮಾನ್ಯರೇ, ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ ತಮ್ಮ ಅವಗಾಹನೆಗೆ ಸವಿನಯವಾಗಿ ತರಬಯಸುವುದೇನೆಂದರೆ

ಅಷ್ಟೇ. ಪೇಜರಿನ ಹೊಟ್ಟೆ ಎಂಬತ್ತು ಅಕ್ಷರಕ್ಕೆ ತುಂಬಿಹೋಗಿತ್ತು.

"ಏನಂದ್ರೆ?" ಎಂದಳು ತೂಬಿನಕ್ಕ. "ಏನಂದ್ರೆ ಏನು?"

ಮೈದುನ ಫೋನ್ ಎತ್ತಿದ. ಅವಳು ಅವನ ತುಟಿಯನ್ನೇ ನೋಡುತ್ತ ಕೂತಳು. ಅವನು ಮೊದಲು ನಕ್ಕ, ಆಮೇಲೆ ಬೇಡಿಕೊಂಡ, ಆಮೇಲೆ ಹಣೆ ಚಚ್ಚಿಕೊಂಡ.

"ಆಗಲ್ಲವಂತೆ! ಮೂವತ್ತೊಂದು ವರ್ಷ ಸರ್ವೀಸಂತೆ. ಒಕ್ಕಣೆ ಇಲ್ಲದ ಪತ್ರಕ್ಕೆ ರುಜು ಹಾಕಿದ ಕೈ ಅಲ್ಲವಂತೆ ಅದು. 'ಗೇಟು ಎತ್ತಿದೆ' ಅಂತ ಎರಡು ಪದ ಬರೆಯಿರಿ ಅಂದ್ರೆ, 'ನಾನೇನು ಗೋಡೆ ಮೇಲೆ ಬರೆಯೋನಾ' ಅಂತ ನನ್ನನ್ನೇ ಗದರಿಸ್ತಾರೆ."

"ಅವರ ಪತ್ರ ಪೂರ್ತಿ ತೋರಿಸು."

ಪರದೆಯ ಮೇಲೆ ಪತ್ರ ಒಂದು ಗಜ ಉದ್ದ ಇತ್ತು. ಉಲ್ಲೇಖ, ಹಿಂದಿನ ಪತ್ರದ ತಾರೀಖು, ಅದರ ಹಿಂದಿನ ಪತ್ರದ ತಾರೀಖು. ತೂಬಿನಕ್ಕ ಅದರ ತಲೆಯ ಕಡೆ ಕಣ್ಣೂ ಹಾಯಿಸಲಿಲ್ಲ. ಬೆರಳು ನೇರ ಬುಡಕ್ಕೆ ಹೋಯಿತು.

"ಮೇಲಿಂದ ಯಾಕೋ ಓದ್ತೀಯ? ಹತ್ತೊಂಬತ್ತು ವರ್ಷದಿಂದ ಇವರ ಕಾಗದ ನೋಡಿದೀನಿ. ಕೆಳಗಿನ ಮೂರು ಸಾಲು ಬಿಡು, ಅದು 'ಇಂತಿ ತಮ್ಮ ವಿಶ್ವಾಸಿ', ಅವರ ಹುದ್ದೆ, ಕಚೇರಿ. ಅದರ ಮೇಲಿನ ಎರಡು ಸಾಲು ಓದು. ನನಗೆ ಬಂದ ಬಡ್ತಿ, ರಜೆ, ಬೈಗುಳ ಎಲ್ಲ ಅಲ್ಲೇ ಇದ್ದದ್ದು. ಮಿಕ್ಕಿದ್ದು ಬರೀ ಮೆರವಣಿಗೆ."

ಮೈದುನ ಓದಿದ. ರುಜುವಿನ ಮೇಲಿನ ಎರಡು ಸಾಲು ಹೀಗಿತ್ತು: ಆದುದರಿಂದ ಮೇಲಿನ ಗೇಟನ್ನು ಎರಡು ಅಡಿ ಎತ್ತಲಾಗಿದೆ ಎಂದು ಪರೀಕ್ಷಾರ್ಥ ತಿಳಿಸಲಾಗಿದೆ.

"ಯಾವಾಗಲೂ ಹೀಗೇನಾ?"

"ಅವರ ಮೀಸೆ ಬದಲಾದರೂ ಆದೀತು, ಇದು ಬದಲಾಗಲ್ಲ."

ಮೈದುನ ಕುರ್ಚಿಯಿಂದ ಎಗರಿ ನಿಂತ. "ಇಂಥಾ ಗುಮಾಸ್ತರು ಕಂಪ್ಯೂಟರಿಗೆ ದೇವರಿದ್ದ ಹಾಗೆ ಅತ್ತಿಗೆ!" ಕೆಳಗಿನ ಮೂರು ಸಾಲು ಕತ್ತರಿಸು, ಉಳಿದದ್ದರಲ್ಲಿ ಕೊನೆಯ ಎರಡು ಸಾಲು ಕಳಿಸು ಎಂಬ ಅಪ್ಪಣೆಯನ್ನು ಹತ್ತು ನಿಮಿಷದಲ್ಲಿ ಬರೆದು ಮುಗಿಸಿದ.

ಶನಿವಾರ ಇಂಜಿನಿಯರು ಎಂಟಕ್ಕೇ ಬಂದು ತೂಬಿನ ಕಟ್ಟೆಯ ಮೇಲೆ ಕೂತರು. ಒಂಬತ್ತಾಯಿತು, ಹತ್ತಾಯಿತು. ಬಿಸಿಲಿಗೆ ಕಾಲುವೆಯ ತಳದ ಕೆಸರು ಬಿರಿಯುತ್ತಿತ್ತು. ಇಟ್ಟಿಗೆಯವನು ಕೂಡ ತನ್ನ ಹೊಸ ಇಟ್ಟಿಗೆಗಳ ಮುಂದೆ ಸೊಂಟದ ಮೇಲೆ ಕೈಯಿಟ್ಟು ಕಾವಲು ನಿಂತಿದ್ದ. ತೂಬಿನಕ್ಕ ಬೇಕೆಂದೇ ಎಲ್ಲರಿಗೂ ಬೆನ್ನು ಹಾಕಿ ಗ್ರೀಸು ಹಚ್ಚತೊಡಗಿದಳು. ಕೈ ಗ್ರೀಸಿನಲ್ಲಿದ್ದರೂ ಅವಳ ಜೀವವೆಲ್ಲ ಸೊಂಟದಲ್ಲಿತ್ತು.

ಹತ್ತೂ ನಲವತ್ತಕ್ಕೆ ಹಲ್ಲಿ ಬಿತ್ತು.

ಆದುದರಿಂದ ಮೇಲಿನ ಗೇಟನ್ನು ಎರಡೂವರೆ ಅಡಿ ಎತ್ತಲಾಗಿದೆ ಎಂದು ತಿಳಿಸಲಾಗಿದೆ.

"ಎರಡೂವರೆ ಅಡಿ ಸಾರ್!" ಅವಳ ಕೂಗಿಗೆ ಇಂಜಿನಿಯರು ಕಟ್ಟೆಯಿಂದ ಜಾರಿದರು. ಅವರು ಗಡಿಯಾರ ನೋಡಿ ತಲೆ ಎತ್ತುವಷ್ಟರಲ್ಲಿ ಚಕ್ರ ತಿರುಗುತ್ತಿತ್ತು, ಹಲಗೆ ಗೇಣು ಗೇಣಾಗಿ ಏಳುತ್ತಿತ್ತು. ಹನ್ನೊಂದೂವರೆಗೆ ಅವಳ ಅಂಗಾಲಿಗೆ ಕಲ್ಲಿನೊಳಗಿಂದ ಪರಿಚಯದ ಅದುರು ಬಂತು. ಹಿಂದೆಯೇ ನೀರು ಬಂತು. ತರಗೆಲೆ, ನೊರೆ, ಒಂದು ಒಂಟಿ ಚಪ್ಪಲಿ ಎಲ್ಲವನ್ನೂ ತಳ್ಳಿಕೊಂಡು ಬಂದು, ತೆರೆದ ಬಾಯಿಯಲ್ಲಿ ನುಗ್ಗಿ ಕೆರೆಯ ಕಡೆ ಹೊರಳಿತು. ಇಟ್ಟಿಗೆಯವನು ಎರಡೂ ಕೈ ಎತ್ತಿ ಕುಣಿದುಬಿಟ್ಟ.

ಇಂಜಿನಿಯರು ಮಾತ್ರ ಸರಸರ ಕಚೇರಿಯ ಕಡೆ ನಡೆದರು. ತೂಬಿನಕ್ಕ ಮತ್ತೆ ಗ್ರೀಸಿಗೆ ಕೈ ಹಾಕಿದಳು. ಸ್ವಲ್ಪ ಹೊತ್ತಿಗೆ ಪೇಜರ್ ನಡುಗಿತು. ಗ್ರೀಸಿನ ಕೈಯನ್ನು ಸೆರಗಿಗೆ ಒರೆಸಿ ನೋಡಿದರೆ ಗಾಜು ಖಾಲಿ. ಒಂದಕ್ಷರವೂ ಇಲ್ಲ. ಉಗ್ರಾಣದ ವಾಸನೆ ಅವಳ ಮೂಗಿಗೆ ಬಡಿಯಿತು.

ಆಗ ಏರಿಯ ಮೇಲೆ ಮೈದುನ ಓಡಿಬರುವುದು ಕಂಡಿತು. ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದ. ಹತ್ತಿರ ಬಂದು, ಏದುಸಿರಿನ ನಡುವೆಯೂ ತುಟಿಯನ್ನು ಅಗಲಿಸಿ ಹೇಳಿದ.

"ಸಾಹೇಬ್ರು ಒಂದೇ ಸಾಲು ಬರೆದು ಕಳಿಸಿದ್ರು ಅತ್ತಿಗೆ! ರುಜುನೂ ಇಲ್ಲ, ಹುದ್ದೆನೂ ಇಲ್ಲ. ಇದ್ದ ಒಂದು ಸಾಲನ್ನೂ ಕಂಪ್ಯೂಟರ್ ಕತ್ತರಿಸಿ ಎಸೆದುಬಿಡ್ತು. ಈಗ ಗುಮಾಸ್ತರಿಗೆ ಫೋನ್ ಮಾಡಿ, ಒಕ್ಕಣೆ ಹೇಗೆ ಅಂತ ಕೇಳಿ ಕೇಳಿ ಬರೀತಾ ಇದ್ದಾರೆ!"

ಇಬ್ಬರೂ ಕಟ್ಟೆಯ ಮೇಲೆ ಕೂತು ಕಾದರು. ಕಾಲಡಿ ನೀರು ತುಂಬಿ ಹರಿಯುತ್ತಿತ್ತು. ಸುಮಾರು ಹೊತ್ತು ಹಿಡಿಯಿತು. ಮಾನ್ಯರೇ ಇಂದ ಶುರು ಮಾಡಬೇಕಲ್ಲ. ಕೊನೆಗೆ ಡಬ್ಬಿ ನಡುಗಿತು. ಅವಳು ಅದನ್ನು ಮೈದುನನಿಗೂ ಕಾಣುವ ಹಾಗೆ ಹಿಡಿದಳು.

ಆದುದರಿಂದ ಏಳನೇ ತೂಬಿನ ಕೆಲಸದಲ್ಲಿ ತಾವೇ ಮುಂದುವರಿಯತಕ್ಕದ್ದು.